ಕೈಯಳತೆಯ ನೀರು

ದ್ವಾರ ತೆರೆದುಕೊಂಡಿತು. ಇವತ್ತು ಅದು ತೆರೆಯಲಾರದು ಎಂದುಕೊಂಡೇ ನೀಲಗಂಗಾ ಬಂದಿದ್ದಳು.

ಗಂಡನನ್ನು ಮಣ್ಣಿಗಿಟ್ಟು, ಕಾರ್ಯಗಳೆಲ್ಲ ಮುಗಿದು, ಬಂದಿದ್ದ ಬಂಧುಗಳು ತಂತಮ್ಮ ಊರಿನ ಬಸ್ಸು ಹಿಡಿದ ಮೇಲೆ ಬಂದ ಮೊದಲ ಸಾದಾ ಬೆಳಗು ಅದು. ಎದ್ದಳು, ಸ್ನಾನ ಮಾಡಿದಳು, ಹಿಂದಿನ ದಿನದ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ತಿಂದಳು. ರೊಟ್ಟಿ ರುಚಿಯಾಗಿಯೇ ಇತ್ತು. ಅದು ಅವಳಿಗೆ ಸರಿಕಾಣಲಿಲ್ಲ. ಗಂಡ ಸತ್ತವಳಿಗೆ ರೊಟ್ಟಿ ರುಚಿಸಬಾರದು ಎಂದೇನೂ ಅವಳು ಓದಿರಲಿಲ್ಲ, ಯಾರೂ ಹೇಳಿಕೊಟ್ಟಿರಲೂ ಇಲ್ಲ. ಆದರೂ ತಟ್ಟೆ ತೊಳೆಯುವಾಗ ತಾನು ಏನನ್ನೋ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಬಲಗಿವಿಯ ಹಿಂದೆ ಸಣ್ಣಗೆ ಜುಮ್ ಎಂದಿತು. ಅನ್ನಿಸಿದ್ದು ಅಲ್ಲಿಗೆ ನಿಂತಿತು.

ಬೆಳಗಾವಿಯ ಹೊರಗಿನ ವಜ್ರಕಾಯ ಎರಕ ಕಾರ್ಖಾನೆಯ ಬಾಗಿಲಿಗೆ ಶಾಂತದ್ವಾರ ಎಂದು ಹೆಸರು. ಎರಡು ಉಕ್ಕಿನ ಕಂಬ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಳಗೆ ಹೋಗುವವರ ಕಿವಿಯ ಹಿಂದೆ ಅಂಟಿಕೊಂಡಿರುವ ತುಡಿತಶಾಮಕವನ್ನು ಈ ಕಂಬಗಳು ಒಂದೇ ಒಂದು ಪ್ರಶ್ನೆ ಕೇಳುತ್ತವೆ: ನಿನ್ನ ಧಣಿ ಶಾಂತನಾಗಿದ್ದಾನೆಯೇ? ಹೌದೆಂದರೆ ಹಸಿರು ದೀಪ. ಅಲ್ಲವೆಂದರೆ ಹಳದಿ. ಹಳದಿ ಬಂದವನು ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು, ಮನಸ್ಸು ತಹಬಂದಿಗೆ ಬಂದ ಮೇಲೆ ಮತ್ತೆ ಕಂಬಗಳ ನಡುವೆ ನಿಲ್ಲಬೇಕು. ತಾನೂ ಇವತ್ತು ಆ ಬೆಂಚಿನ ಮೇಲೆ ಕೂರಬೇಕಾದೀತು, ಇಲ್ಲವೇ ಮನೆಗೇ ಹೋಗು ಅಂದಾರು ಎಂದು ನೀಲಗಂಗಾ ದಾರಿಯುದ್ದಕ್ಕೂ ಯೋಚಿಸಿದ್ದಳು. ಹಾಗೆ ಅಂದಿದ್ದರೆ ಅವಳಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಹಸಿರು ದೀಪ ಹತ್ತಿತು. ಕಾವಲುಗಾರ ಪರಸಪ್ಪ ಅವಳ ಮುಖ ನೋಡಿದ, ದೀಪ ನೋಡಿದ, ಆಮೇಲೆ ನೆಲ ನೋಡಿದ. "ಬರ್ರಿ ಅಕ್ಕಾರ," ಅಂದ. ಇಷ್ಟು ಬೇಗ ಹಸಿರಾದಳಲ್ಲ ಎಂಬ ಮಾತನ್ನು ಅವನು ನುಂಗಿಕೊಂಡದ್ದು ಅವಳಿಗೆ ಕಂಡಿತು.

ತುಡಿತಶಾಮಕ ಎಂಬುದು ಸರ್ಕಾರಿ ಹೆಸರು. ಕಾರ್ಮಿಕರು ಅದನ್ನು ಬಿಲ್ಲೆ ಅನ್ನುತ್ತಿದ್ದರು. ಹಳೆಯ ಎಂಟಾಣೆಯಷ್ಟು ದೊಡ್ಡದು, ಮೈಬಣ್ಣದ್ದು. ಕಿವಿಯ ಹಿಂದಿನಿಂದ ಮಿದುಳಿಗೆ ಹೋಗುವ ನರವೊಂದರ ಮೇಲೆ ಅದು ಕೂರುತ್ತದೆ. ಮನುಷ್ಯನಿಗೆ ಕುಡಿಯಬೇಕು ಅನ್ನಿಸುವುದಕ್ಕೆ ಮೊದಲೇ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಆ ಅಲೆಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಮೊದಲ ಕೆಲವು ತಿಂಗಳು ಬಿಲ್ಲೆ ಸುಮ್ಮನೆ ಕೂತು ತನ್ನ ಧಣಿಯ ಅಲೆಯನ್ನು ಕಲಿಯುತ್ತದೆ. ಕಲಿತ ಮೇಲೆ, ಅಲೆ ಎದ್ದಾಗಲೆಲ್ಲ ಅದಕ್ಕೆ ಎದುರಾದ ಮರುಸ್ಪಂದವೊಂದನ್ನು ಕಳಿಸಿ ಅದನ್ನು ಅಲ್ಲೇ ಮಲಗಿಸುತ್ತದೆ. ಧಣಿಗೆ ಜುಮ್ ಅನ್ನುವುದಷ್ಟೇ ಗೊತ್ತು. ಏನು ಬೇಕೆನ್ನಿಸಲಿತ್ತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಬಿಲ್ಲೆ ಬಂದ ಮೇಲೆ ಕಾರ್ಖಾನೆಯ ಎದುರಿನ ಸಾರಾಯಿ ಅಂಗಡಿಗಳು ಒಂದೊಂದಾಗಿ ಮುಚ್ಚಿ, ಅಲ್ಲಿ ಮೊಬೈಲ್ ದುರಸ್ತಿಯವರೂ ಕೋಳಿ ಮಾರುವವರೂ ಬಂದರು. ಕುಡಿಯುವವರಿಗೆ ಮಾತ್ರ ಬಿಲ್ಲೆ ಹಾಕಿದರೆ ಅವರಿಗೆ ಅವಮಾನವಾಗುತ್ತದೆಂದು ಆಡಳಿತದವರು ವ್ಯವಸ್ಥಾಪಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಹಾಕಿಸಿದರು. ಹೀಗೆ ಹುಟ್ಟಿದಾಗಿನಿಂದ ಹೆಂಡದ ವಾಸನೆಯನ್ನೂ ಸರಿಯಾಗಿ ಕಾಣದ ನೀಲಗಂಗಾಳಿಗೂ ಒಂದು ಬಂದಿತ್ತು.

ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದ ಅವಳನ್ನು ಕಾರ್ಖಾನೆಯ ನೂರನೇ ವರ್ಷದ ಪ್ರದರ್ಶನ ಕಟ್ಟಲು ತೆಗೆದುಕೊಂಡಿದ್ದರು. 'ಕುಡಿತದಿಂದ ಶಾಂತಿಯೆಡೆಗೆ' ಎಂಬ ಹೆಸರನ್ನು ಮೇಲಿನವರೇ ಇಟ್ಟು ಕಳಿಸಿದ್ದರು. ಹಳೆಯ ಉಗ್ರಾಣವೊಂದರಲ್ಲಿ ಗಾಜಿನ ಕಪಾಟುಗಳು ನಿಂತಿದ್ದವು. ಆ ಬೆಳಗ್ಗೆ ಅವಳು ಬೀಗ ತೆಗೆದು ಒಳಗೆ ಹೋಗಿ, ಕೆಲಸ ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದುಕೊಂಡಳು.

ಮೊದಲ ಕಪಾಟಿನಲ್ಲಿ ಒಂದು ಹಿತ್ತಾಳೆಯ ಅಳತೆ ಲೋಟ. ಕಾರ್ಖಾನೆಯ ಮೊದಲ ಗುತ್ತಿಗೆದಾರ ಲೋಹ ಕರಗಿಸುವ ಭಟ್ಟಿಯ ಬಾಯಿ ತೆಗೆಯುವ ಹೊತ್ತಿಗೆ ಗಂಟೆ ಬಾರಿಸಿ, ಭಟ್ಟಿಯ ಮುಂದಿನ ಪ್ರತಿಯೊಬ್ಬನಿಗೂ ಅದರಲ್ಲಿ ಸಾರಾಯಿ ಅಳೆದು ಕೊಡುತ್ತಿದ್ದ. ಕುಡಿದವನಿಗೆ ಕಾವು ತಟ್ಟುವುದಿಲ್ಲ, ತಟ್ಟಿದರೂ ಗೊಣಗುವುದಿಲ್ಲ ಎಂಬುದು ಅವನ ಲೆಕ್ಕ. ಅವನ ಮಗ ಓದಿದವನು, ಗಾಂಧಿ ಟೊಪ್ಪಿಗೆಯವನು. ಅಪ್ಪ ಕುಡಿಸಿ ಕಲಿಸಿದವರ ಬಾಯಿ ಮೂಸಲು ಅವನು ಬಾಗಿಲಲ್ಲಿ ಆಳುಗಳ ಮೇಲ್ವಿಚಾರಕನಾದ ಒಬ್ಬ ಮುಕಾದಮನನ್ನು ನಿಲ್ಲಿಸಿದ. ಕಾರ್ಮಿಕರು ಹಸಿ ಉಳ್ಳಾಗಡ್ಡಿ, ಲವಂಗ, ಪೇರಲ ಎಲೆ ಜಗಿದು ಬಂದರು. ಉಳ್ಳಾಗಡ್ಡಿ ನಾರಿದವನೇ ಕುಡಿದವನು ಎಂದು ಮುಕಾದಮ ತೀರ್ಮಾನಿಸಿದ ಮೇಲೆ, ಬರೀ ಊಟ ಮಾಡಿ ಬಂದವರೂ ಮನೆಗೆ ಹೋದರು. ಆಮೇಲೆ ಕಾರ್ಮಿಕ ಸಂಘದ ಕಾಲ. ಆಗ ಪಗಾರವನ್ನು ಹೆಂಡಂದಿರ ಕೈಗೆ ಕೊಡುವ ಪದ್ಧತಿ ಬಂತು. ಕಿಟಕಿಯ ಮುಂದೆ ಸೆರಗು ಹೊದ್ದು ಸಾಲು ನಿಂತ ಹೆಂಗಸರ ಛಾಯಾಚಿತ್ರವಿದೆ. ಯಾರ ಮುಖದಲ್ಲೂ ಗೆದ್ದ ಕಳೆ ಇಲ್ಲ. ಅದಾದ ಮೇಲೆ ಊದುವ ಯಂತ್ರ ಬಂತು. ಅದರ ಹಿಂದೆಯೇ ಆಪ್ತಸಲಹೆಗಾರರು, ಶಿಬಿರಗಳು, ದೇವರ ಪಟದ ಮುಂದೆ ಕರ್ಪೂರ ಹಚ್ಚಿ ಆಣೆ. ಆಣೆ ಮುರಿದವರಿಗೆ ಇನ್ನೊಂದು ಶಿಬಿರ.

ಪ್ರತಿ ಕಾಲದ ಧಣಿಯೂ ತಾನು ಹಿಂದಿನವನಿಗಿಂತ ಕರುಣೆಯುಳ್ಳವನು ಎಂದು ಬರೆದುಕೊಂಡಿದ್ದ, ಅದು ಸುಳ್ಳೂ ಆಗಿರಲಿಲ್ಲ. ಕೊನೆಯ ಕಪಾಟು ಖಾಲಿಯಿತ್ತು. ಅದರಲ್ಲಿ ಬಿಲ್ಲೆ ಬರಬೇಕಿತ್ತು.

ಅವಳ ಗಂಡ ಬಾಳೇಶ ಸತ್ತದ್ದು ಭಟ್ಟಿಯ ಮುಂದೆ. ಅವನು ಎರಕ ಹೊಯ್ಯುವವನು. ಸುಡು ಬೇಸಿಗೆಯ ಮಧ್ಯಾಹ್ನ ಪಾಳಿಯ ನಡುವೆ ಬಿಡುವು ಸಿಕ್ಕಾಗ ಕುಡಿಯುವ ನೀರಿನ ಪೀಪಾಯಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ಜತೆಯವರೊಡನೆ ಚೇಷ್ಟೆ ಮಾಡಿ ನಗುತ್ತಿದ್ದನಂತೆ. ನಗುತ್ತಿದ್ದವನು ಗೋಡೆಗೆ ಒರಗಿದ, ಒರಗಿದವನು ಜಾರಿದ. ಸೆಖೆ ಬಡಿದು, ಒಡಲೊಳಗಿನ ನೀರೆಲ್ಲ ಇಂಗಿ ಹೋಗಿದೆ ಎಂದು ವೈದ್ಯರು ಬರೆದರು. ಮದ್ಯದ ಸುಳಿವೇ ಇಲ್ಲ ಎಂದೂ ಬರೆದರು. ಪೀಪಾಯಿ ತುಂಬಿತ್ತು. ನಲ್ಲಿ ಅವನ ಕೈಯಳತೆಯಲ್ಲಿತ್ತು. ಲೋಟ ಅದಕ್ಕೆ ಸರಪಳಿಯಲ್ಲಿ ತೂಗುತ್ತಿತ್ತು.

'ಸ್ವಂತ ಅಲಕ್ಷ್ಯ' ಎಂದು ಆಡಳಿತದವರು ಷರಾ ಬರೆದು ಮುಗಿಸಿದರು. ಊರವರು ಹಾಗೆ ಮುಗಿಸಲಿಲ್ಲ. ಮಣ್ಣಿಗೆ ಬಂದಿದ್ದವರಲ್ಲಿ ಒಬ್ಬಳು, ನೀಲಗಂಗಾ ಬಾಗಿಲ ಮರೆಯಲ್ಲಿರುವುದು ಗೊತ್ತಿಲ್ಲದೆ, ಇನ್ನೊಬ್ಬಳಿಗೆ ಹೇಳಿದ್ದಳು: "ಬದುಕೂ ಮನಸ ಇದ್ದಾಂವ ನೀರ ಕುಡೀತಿದ್ದ ಬಿಡ."

ಆ ಮಾತು ನೀಲಗಂಗಾಳ ಒಳಗೆ ಕೂತುಬಿಟ್ಟಿತ್ತು. ಅದಕ್ಕೆ ಕಾರಣವೂ ಇತ್ತು. ಮದುವೆಯಾದಾಗಿನಿಂದಲೂ ಬಾಳೇಶ ತಣ್ಣಗೇ ಇದ್ದ. ಜಗಳವಿಲ್ಲ, ಕುಡಿತವಿಲ್ಲ, ಬೈಗುಳವಿಲ್ಲ. ಪಾಳಿ ಮುಗಿದ ಮೇಲೆ ಕಾರ್ಖಾನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಕತ್ತಲಾದಾಗ ಯಾರಾದರೂ ಎಬ್ಬಿಸಿ ಕಳಿಸಿದರೆ ಮನೆಗೆ ಬರುತ್ತಿದ್ದ. ಬಂದವನು ಉಂಡು ಮಲಗುತ್ತಿದ್ದ. ಸಾಯುವುದಕ್ಕೆ ಮುಂಚಿನ ಕೆಲವೇ ದಿನ ಮಾತ್ರ ಇದ್ದಕ್ಕಿದ್ದಂತೆ ಬದಲಾದ. ಬೆಳಕಿರುವಾಗಲೇ ದಾಪುಗಾಲು ಹಾಕಿ ಬರುತ್ತಿದ್ದ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಾ, ಮೂಸುವ ಮುಕಾದಮನ ಕಥೆಯನ್ನು ಮತ್ತೆ ಮತ್ತೆ ಹೇಳಿಸಿ ನಗುತ್ತಿದ್ದ. ಬಿಟ್ಟುಹೋಗಲು ನಿಶ್ಚಯಿಸಿದವರು ಕೊನೆಯಲ್ಲಿ ಹೀಗೆ ಒಳ್ಳೆಯವರಾಗುತ್ತಾರೆ ಎಂದು ಅವಳು ಎಲ್ಲೋ ಕೇಳಿದ್ದಳು. ಅವನು ತನ್ನನ್ನು ಬಿಟ್ಟೇ ಹೋದನೇ? ನೀರನ್ನು ನೋಡುತ್ತ ನೋಡುತ್ತ ಬೇಡವೆಂದನೇ? ಇದೊಂದು ತಿಳಿಯದೆ ಅವಳಿಗೆ ಮುಂದೆ ಹೆಜ್ಜೆ ಇಡುವುದು ಸಾಧ್ಯವಿರಲಿಲ್ಲ. ಸುಮ್ಮನೆ ಹಸಿರು ದೀಪದ ಕೆಳಗೆ ಹಾದು ಬರುವುದು ಸಾಧ್ಯವಿತ್ತು, ಅಷ್ಟೇ.

ಆಸ್ಪತ್ರೆಯವರು ಅವನ ಕೈಗಡಿಯಾರ, ಬೀಗದ ಕೈ, ಬಿಲ್ಲೆ ಇವನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಸತ್ತವರ ಬಿಲ್ಲೆಯನ್ನು ಹಿಂದಿರುಗಿಸಬೇಕೆಂಬುದು ನಿಯಮ. ಮಧ್ಯಾಹ್ನ ಅವಳು ಅದನ್ನು ಹಿಡಿದು ಆರೋಗ್ಯ ವಿಭಾಗಕ್ಕೆ ಹೋದಳು.

ಅಲ್ಲಿ ಡಾ. ಚಂದ್ರಮತಿ ಇದ್ದರು. ಮೈಸೂರಿನ ಕಡೆಯವರು, ಬಿಲ್ಲೆಯನ್ನು ರೂಪಿಸಿದ ತಂಡದಲ್ಲಿ ಒಬ್ಬರು, ವರ್ಷಕ್ಕೊಮ್ಮೆ ಬಂದು ಎಲ್ಲರ ಬಿಲ್ಲೆಗಳನ್ನು ತಪಾಸಣೆ ಮಾಡಿ ಹೋಗುವವರು. ಕುಳ್ಳಗೆ, ದಣಿದ ಕಣ್ಣಿನ ಹೆಂಗಸು. ಅವರ ತಂದೆ ಕುಡಿದು ಕುಡಿದೇ ತೀರಿಕೊಂಡದ್ದರಿಂದ ಅವರು ಈ ಕೆಲಸಕ್ಕೆ ಬಿದ್ದರೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀಲಗಂಗಾ ಯಾರೆಂದು ತಿಳಿದ ಕೂಡಲೇ ಎದ್ದು ನಿಂತರು, ಕುರ್ಚಿ ಎಳೆದು ಕೊಟ್ಟರು. ಹೇಳಬೇಕಾದ ಮಾತುಗಳನ್ನು ಹೇಳಿದರು. ನೀಲಗಂಗಾಳ ಕಿವಿಯ ಹಿಂದೆ ಜುಮ್ ಎಂದಿತು.

ಬಿಲ್ಲೆಯನ್ನು ಓದುವ ತಟ್ಟೆಯ ಮೇಲಿಟ್ಟು ಪರದೆ ನೋಡಿದವರು ಹುಬ್ಬು ಗಂಟಿಕ್ಕಿದರು. ಮತ್ತೆ ತೆಗೆದು ಒರೆಸಿ ಇಟ್ಟರು.

"ಇದು ಬಾಳೇಶ ಅವರದ್ದಲ್ಲ," ಅಂದರು. "ದುಂಡಪ್ಪ ಅನ್ನೋರದ್ದು. ಭಟ್ಟಿ ವಿಭಾಗದವರೇ."

ದುಂಡಪ್ಪ ಬಾಳೇಶನಿಗೆ ಕೆಲಸ ಕಲಿಸಿದ ಹಿರಿಯ. ಕಾಲಿನ ಮೇಲೆ ಕಾದ ಲೋಹ ಸಿಡಿದು ರಜೆಯ ಮೇಲೆ ಮನೆಯಲ್ಲಿದ್ದ. ಬಾಳೇಶನ ಸ್ವಂತ ಬಿಲ್ಲೆ ಅವನು ಬಟ್ಟೆ ಇಡುವ ಕಪಾಟಿನಲ್ಲಿ ಸಿಕ್ಕಿದ್ದನ್ನು ಭಟ್ಟಿ ವಿಭಾಗದವರು ಆಗಲೇ ತಂದುಕೊಟ್ಟಿದ್ದರಂತೆ. ಎರಡು ಬಿಲ್ಲೆ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕಿಕೊಂಡರೆ ದ್ವಾರಕ್ಕೆ ತಿಳಿಯುವುದಿಲ್ಲವೇ ಎಂದು ನೀಲಗಂಗಾ ಕೇಳಿದಳು. ತಿಳಿಯುವುದಿಲ್ಲ ಎಂದು ಚಂದ್ರಮತಿ ಒಪ್ಪಿಕೊಂಡರು. ಹಾಜರಿಗೆ ಬೇರೆ ಯಂತ್ರವಿದೆ. ದ್ವಾರ ಕೇಳುವುದು ಶಾಂತಿಯೊಂದನ್ನೇ. ಯಾರಾದರೂ ಬೇರೆಯವರ ಬಿಲ್ಲೆ ಹಾಕಿಕೊಂಡಾರು ಎಂದು ತಾವು ಯೋಚಿಸಲೇ ಇಲ್ಲ, ಯಾಕೆಂದರೆ ಅದರಿಂದ ಯಾರಿಗೂ ಲಾಭವಿಲ್ಲ.

"ನಿಮ್ಮವರಿಗೆ ಕುಡೀಬೇಕು ಅನ್ನಿಸಿದ್ರೆ ದುಂಡಪ್ಪನವರ ಬಿಲ್ಲೆಗೆ ಅದು ಗೊತ್ತೇ ಆಗಲ್ಲ. ಅದು ಕಲಿತಿರೋದು ದುಂಡಪ್ಪನವರ ತುಡಿತವನ್ನ. ಬೇರೆಯವರ ತುಡಿತ ಅದಕ್ಕೆ ಅರ್ಥವಾಗದ ಭಾಷೆ ಇದ್ದ ಹಾಗೆ."

"ಎಲ್ಲರಲ್ಲೂ ಒಂದೇ ಥರ ಇರೋ ತುಡಿತ ಯಾವುದೂ ಇಲ್ಲವೇನ್ರಿ ಮೇಡಂ?"

"ಇವೆ. ಹಸಿವು, ಬಾಯಾರಿಕೆ, ನಿದ್ದೆ. ಹುಟ್ಟಿದ ಮಗುವಿನಲ್ಲೂ ಅವು ಹೀಗೇ ಇರ್ತವೆ. ಆದ್ರೆ ಅವು ಚಟ ಅಲ್ಲವಲ್ಲ. ಬಿಲ್ಲೆ ಅವುಗಳ ತಂಟೆಗೆ ಹೋಗಲ್ಲ."

ಇತಿಹಾಸ ಓದಿದವರಿಗೆ ಇರುವ ಒಂದು ಅಭ್ಯಾಸ ನೀಲಗಂಗಾಳಿಗಿತ್ತು: ಯಾರಾದರೂ ಹೀಗೆ ಆಗುವುದಿಲ್ಲ ಅಂದರೆ, ಹಾಗೆಂದು ಯಾರು ನೋಡಿದ್ದಾರೆ ಎಂದು ಕೇಳುವುದು. ಚಟವೇ ಇಲ್ಲದವರ ಕಿವಿಯ ಹಿಂದೆ ಬಿಲ್ಲೆ ಏನು ಮಾಡುತ್ತದೆ ಎಂದು ಕೇಳಿದಳು.

"ಏನೂ ಮಾಡಲ್ಲ. ಕಲಿಯೋಕೆ ಏನೂ ಸಿಗದೆ ಸುಮ್ಮನೆ ಇರುತ್ತೆ."

"ನನಗೆ ಜುಮ್ ಅಂತದಲ್ರಿ."

ಚಂದ್ರಮತಿ ಅವಳ ಮುಖ ನೋಡಿದರು. "ಯಾವಾಗ?"

ಮೊದಲೆಲ್ಲ ಸಂಜೆ ಹೊತ್ತು ಎಂದು ನೀಲಗಂಗಾ ಹೇಳಿದಳು. ಮದುವೆಯಾದ ಹೊಸತರಲ್ಲಿ, ಪಾಳಿ ಬಿಡುವ ಸಮಯಕ್ಕೆ ಕಿಟಕಿಯ ಬಳಿ ನಿಂತಾಗ. ಈಗ ದಿನವಿಡೀ ಬಿಟ್ಟು ಬಿಟ್ಟು ಬರುತ್ತದೆ. ಇಲ್ಲಿ ಕೂತ ಮೇಲೆಯೂ ಬಂತು.

ಚಂದ್ರಮತಿ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಏನೂ ಸಿಗದಿದ್ದರೆ ಅದು ಹುಡುಕುತ್ತ ಇರಬಹುದು, ಇದ್ದುದರಲ್ಲಿ ಬಲವಾದದ್ದನ್ನು ಹಿಡಿದುಕೊಳ್ಳಬಹುದು, ಇದನ್ನು ತಾವು ನೋಡಿಲ್ಲ, ನೋಡಬೇಕಿತ್ತು ಎಂದು ಕೊನೆಗೆ ತಮಗೇ ಹೇಳಿಕೊಳ್ಳುವವರಂತೆ ಹೇಳಿದರು. ನಾಳೆ ಬಿಡುವು ಮಾಡಿಕೊಂಡು ಬನ್ನಿ, ನಿಮ್ಮ ಬಿಲ್ಲೆ ಓದೋಣ ಅಂದರು. ನೀಲಗಂಗಾ ಹೂಂ ಅಂದಳು. ದುಂಡಪ್ಪನ ಬಿಲ್ಲೆಯನ್ನು ತಾನೇ ಅವರ ಮನೆಗೆ ಒಯ್ದು ಕೊಡುತ್ತೇನೆ, ಎರವಲು ತಂದವರ ಮನೆಯವರೇ ಕೊಡುವುದು ನಮ್ಮ ಕಡೆಯ ಪದ್ಧತಿ ಎಂದಳು. ಅಂಥ ನಿಯಮವಿಲ್ಲದಿದ್ದರೂ ಚಂದ್ರಮತಿ ಬೇಡವೆನ್ನಲಿಲ್ಲ.

ದುಂಡಪ್ಪನ ಮನೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅವನ ಹೆಂಡತಿ ಸತ್ಯವ್ವ ಬಾಗಿಲಲ್ಲೇ ನೀಲಗಂಗಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ ಕೂಡಿಸಿ, ತಂಬಿಗೆಯಲ್ಲಿ ನೀರೂ ತಟ್ಟೆಯಲ್ಲಿ ಬೆಲ್ಲವೂ ತಂದಿಟ್ಟಳು. ದುಂಡಪ್ಪ ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದ. ಅವಳನ್ನು ಕಂಡು ಏಳಲು ಹೋಗಿ ಆಗದೆ ಕೂತ. ಮಣ್ಣಿಗೆ ಬರಲಾಗಲಿಲ್ಲ ಎಂದವನೇ ತಂಬಿಗೆಯನ್ನೆತ್ತಿ ಗಟಗಟನೆ ನೀರು ಕುಡಿದ. ಅದು ಅತಿಥಿಗೆಂದು ಇಟ್ಟ ನೀರು.

"ನೋಡವಾ, ಮತ್ತ!" ಸತ್ಯವ್ವ ತಂಬಿಗೆ ಕಿತ್ತುಕೊಂಡಳು. "ಬಂದವರಿಗೆ ಇಟ್ಟದ್ದನ್ನೂ ಬಿಡಂಗಿಲ್ಲ ಈ ಮನಶ್ಯಾ. ಕಾಲ ಸುಟಗೊಂಡ ಮನ್ಯಾಗ ಕೂತಾಗಿಂದ ಕೊಡಗಟ್ಲೆ ನೀರ ಕುಡ್ಯಾಕ ಹತ್ಯಾನ. ಸಕ್ರಿ ಬ್ಯಾನಿ ಬಂತಂತ ಹೆದರಿ ರಕ್ತಾ ತಪಾಸ ಮಾಡ್ಸಿದೆ. ಏನೂ ಇಲ್ಲಂದ ಡಾಕ್ಟರ. 'ನಿನ್ನ ಗಂಡಗ ನೀರಡಿಕಿ ಆಗೇತಿ, ನೀರ ಕೊಡ' ಅಂತ ನಕ್ಕ ಕಳಿಸಿದ."

ಸತ್ಯವ್ವ ಇನ್ನೊಂದು ತಂಬಿಗೆ ತರಲು ಒಳಗೆ ಹೋದಳು. ನೀಲಗಂಗಾ ಕೈಚೀಲದ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ಕೂತಿದ್ದಳು. ಮುಂಚೆಯೂ ಹೀಗೇ ನೀರು ಕುಡಿಯುತ್ತಿದ್ದಿರಾ ಎಂದು ಕೇಳಿದಳು.

ಇಲ್ಲ ಅಂದ ದುಂಡಪ್ಪ. ಎಷ್ಟೋ ವರ್ಷದಿಂದ ನೀರಡಿಕೆ ಎಂಬುದೇ ಇರಲಿಲ್ಲ. ವಯಸ್ಸಾಯಿತು, ಭಟ್ಟಿ ಒಡಲನ್ನು ಸುಟ್ಟುಹಾಕಿದೆ ಎಂದುಕೊಂಡಿದ್ದ. ಹಾಗೆಂದು ನೀರು ಬಿಟ್ಟಿರಲಿಲ್ಲ. ಒಂದೊಂದು ಎರಕ ಹೊಯ್ದಾದ ಮೇಲೆ ಒಂದೊಂದು ತಂಬಿಗೆ ನೀರು ಒಳಗೆ ಹೋಗಲೇಬೇಕು ಎಂದು ಅವನ ಅಪ್ಪ ಕಲಿಸಿದ್ದ. ಅದು ಕೈಗೆ ಬಂದ ರೂಢಿ, ಬೇಕು ಬೇಡ ಎಂಬ ಪ್ರಶ್ನೆಯೇ ಇಲ್ಲ. ಕುಡಿತ ಹೇಗೆ ಹತ್ತಿತು ಎಂದು ಅವಳು ಕೇಳಿದಳು. ದುಂಡಪ್ಪ ನಾಚಿಕೊಂಡು ನಕ್ಕ. ಹುಡುಗನಾಗಿದ್ದಾಗ ಪಾಳಿ ಮುಗಿಸಿ ಹೊರಗೆ ಬಿದ್ದರೆ ನಾಲಿಗೆ ತೊಗಲಿನ ಹಾಗೆ ಒಣಗಿರುತ್ತಿತ್ತು, ಬಾಗಿಲ ಎದುರಿಗೇ ಅಂಗಡಿ, ನೀರಿನ ನಲ್ಲಿ ಎಲ್ಲೋ ದೂರ. ನೀರಡಿಸಿದಾಗಲೆಲ್ಲ ಅದನ್ನೇ ಕುಡಿದ. ಆಮೇಲೆ ನೀರಡಿಕೆ ಆದರೆ ಅದೇ ನೆನಪಾಗುತ್ತಿತ್ತು, ಎರಡಕ್ಕೂ ಭೇದ ಉಳಿಯಲಿಲ್ಲ.

ಉಗ್ರಾಣದ ಕತ್ತಲಿನಲ್ಲಿ ನಿಂತಿದ್ದ ಕಪಾಟುಗಳು ಒಂದಾದಮೇಲೊಂದು ನೀಲಗಂಗಾಳ ಕಣ್ಣ ಮುಂದೆ ಬಂದವು. ಮನುಷ್ಯನಿಗೆ ಭೇದ ಉಳಿಯದ ಮೇಲೆ ಬಿಲ್ಲೆಗೆ ಹೇಗೆ ಉಳಿದೀತು? ಅದು ದುಂಡಪ್ಪನ ಕಿವಿಯ ಹಿಂದೆ ಕೂತು ಪ್ರಾಮಾಣಿಕವಾಗಿ ಕಲಿತಿತ್ತು. ಅದು ಕಲಿತದ್ದು ನೀರಡಿಕೆಯನ್ನು. ನೀರಡಿಕೆ ಎಲ್ಲರಲ್ಲೂ ಒಂದೇ ಥರ ಇರುವಂಥದ್ದು, ಯಾರ ಕಿವಿಯ ಹಿಂದಿದ್ದರೂ ಆ ಬಿಲ್ಲೆ ಅದನ್ನು ಮಲಗಿಸೀತು. ದುಂಡಪ್ಪನನ್ನು ಅವನ ಅಪ್ಪನ ರೂಢಿ ಇಷ್ಟು ವರ್ಷ ಬದುಕಿಸಿತ್ತು. ಬಾಳೇಶನಿಗೆ ಆ ರೂಢಿ ಇರಲಿಲ್ಲ. ಅವನು ಎಲ್ಲರ ಹಾಗೆ ನೀರಡಿಸಿದಾಗ ನೀರು ಕುಡಿಯುವವನು. ಆ ಮಧ್ಯಾಹ್ನ ಅವನಿಗೆ ನೀರಡಿಸಲೇ ಇಲ್ಲ.

ಇದನ್ನು ಅವಳು ಸಣ್ಣ ದನಿಯಲ್ಲಿ, ಆದಷ್ಟು ಸರಳವಾಗಿ ದುಂಡಪ್ಪನಿಗೆ ಹೇಳಿದಳು. ನೀರು ಬೇಡ ಅಂದವನಲ್ಲ ಅವನು, ಬೇಕೆಂದು ಅವನಿಗೆ ತಿಳಿಯಲಿಲ್ಲ. ಹೇಳುತ್ತಿದ್ದಂತೆ, ಈ ಮಾತು ಎಷ್ಟು ದಿನದಿಂದ ತನಗೆ ಬೇಕಾಗಿತ್ತು ಎಂದು ಅವಳಿಗೇ ಅರಿವಾಯಿತು. ಜುಮ್ ಎಂದಿತು. ಅವಳು ಮಾತು ನಿಲ್ಲಿಸಲಿಲ್ಲ.

ದುಂಡಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ನಾನಽ ಕೊಂದೆ ಅಂದಂಗಾತು," ಅಂದ.

"ನಿಮಗೂ ಗೊತ್ತಿರಲಿಲ್ಲ ಕಾಕಾ."

"ತಂಬಿಗಿ ಮಾತ ಒಂದ ಹೇಳಿದ್ರ ಸಾಕಿತ್ತು. ನೀರ ಕುಡೀಬೇಕಂತ ದೊಡ್ಡ ಗಂಡಸಗ ಏನ ಹೇಳೂದಂತ ಬಿಟ್ಟೆ."

ಸತ್ಯವ್ವ ನೀರು ತಂದಿಟ್ಟು, ಇಬ್ಬರ ಮುಖ ನೋಡಿ, ಗೋಡೆ ಹಿಡಿದು ಕೂತಳು. ನೀಲಗಂಗಾ ಕೊನೆಗೆ ಆ ಪ್ರಶ್ನೆ ಕೇಳಿದಳು. ಅವನು ನಿಮ್ಮ ಬಿಲ್ಲೆ ಯಾಕೆ ಒಯ್ದ? ಕುಡಿಯಲಿಕ್ಕೇ?

"ಛೇ ಛೇ," ಅಂದ ದುಂಡಪ್ಪ. ಆಮೇಲೆ ಹೆಂಡತಿಯ ಕಡೆ ನೋಡಿದ. ಹೇಳು ಎಂಬಂತೆ ಸತ್ಯವ್ವ ತಲೆಯಾಡಿಸಿದಳು.

ಬಾಳೇಶ ಮದುವೆಗೆ ಮುಂಚೆ ಕುಡಿಯುತ್ತಿದ್ದದ್ದು ನೀಲಗಂಗಾಳಿಗೆ ಗೊತ್ತಿತ್ತು. ಯಾಕೆ ಕುಡಿಯುತ್ತಿದ್ದ ಎಂಬುದು ಗೊತ್ತಿರಲಿಲ್ಲ. ಅಥಣಿಯ ಕಡೆಯ ಹುಡುಗ, ಅಪ್ಪ ಅವ್ವ ಇಲ್ಲದವನು, ಅಕ್ಕನ ಮನೆಯಲ್ಲಿ ಬೆಳೆದವನು. ಇಲ್ಲಿ ಬಂದು ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇದ್ದಾಗ ಸಂಜೆಯಾದರೆ ಮನೆ ನೆನಪಾಗುತ್ತಿತ್ತಂತೆ. ಹೋಗಲು ಮನೆಯೇ ಇಲ್ಲದಿದ್ದರೂ ಮನೆಗೆ ಹೋಗಬೇಕು ಅನ್ನಿಸುತ್ತಿತ್ತಂತೆ. ಅದು ತಡೆಯಲಾಗದೆ ಕುಡಿಯುತ್ತಿದ್ದ. ಬಿಲ್ಲೆ ಬಂದು ಕುಡಿತ ನಿಂತಿತು. ಆಮೇಲೆ ಮದುವೆಯಾಯಿತು, ಮನೆಯಾಯಿತು. ಆದರೆ ಸಂಜೆಯಾದರೆ ಮನೆಗೆ ಹೋಗಬೇಕು ಅನ್ನಿಸುವುದೇ ನಿಂತುಹೋಗಿತ್ತು.

"ಒಂದಿನ ಬಂದು ಇಲ್ಲೇ ಕೂತ," ದುಂಡಪ್ಪ ಹೇಳಿದ. "'ಕಾಕಾ, ನನ್ನ ಹೇಣ್ತಿ ಭಾಳ ಚಲೋ ಅದಾಳ. ನನಗ ಯಾಕ ಮನೀಗೆ ಹೋಗಬೇಕ ಅನಸವಲ್ದು?' ಅಂದ. ಹಿಂಗ ಒಬ್ಬರ ಮುಂದ ಹೇಳೂ ಮಾತ ಏನವಾ ಅದು? ಬಿಲ್ಲೀನಽ ಹಿಂಗ ಮಾಡತೈತಿ ಅಂತ ಅವನಽ ಹುಡಿಕಿದ. ರಜಾದಾಗ ತಗದ ನೋಡಿದ್ನಂತ, ಮನೀ ಕಡೆ ಮನಸ ಎಳೀತಂತ. ಆದರ ಬಿಲ್ಲಿ ಇಲ್ಲದ ಗೇಟ ಬಿಡಂಗಿಲ್ಲಲ್ಲ, ಒಳಗ ಹೋಗಿ ತಗದ್ರ ಕೆಲಸಾನಽ ಹೋಗತೈತಿ. ನಾ ಮನ್ಯಾಗ ಕೂತಿದ್ದೆ, ನಂದ ಕೇಳಿದ. ಕಾಲ ವಾಸಿ ಆಗೂತನಕ ಇಟ್ಕೋ ಅಂತ ಕೊಟ್ಟೆ."

ಕುಡಿಯಬೇಕು ಅನ್ನಿಸಲಿಲ್ಲವೇ ಅವನಿಗೆ, ಸ್ವಂತ ಬಿಲ್ಲೆ ತೆಗೆದ ಮೇಲೆ?

"ಅನಸ್ಲಿಲ್ಲೇನು? ಎರಡ ದಿನ ಬಿಟ್ಟ ಬಂದಿದ್ದ. ಕೈ ನಡಗತಿದ್ವು. 'ಕುಡೀಬೇಕ ಅನಸ್ತೈತಿ ಕಾಕಾ, ಹಲ್ಲ ಕಚ್ಚಿ ಹಿಡದೀನಿ. ಅದರ ಜೋಡಿ ಮನೀಗೆ ಓಡಿ ಹೋಗಬೇಕಂತನೂ ಅನಸ್ತೈತಿ. ಎರಡೂ ಇರ್ಲಿ ಬಿಡ,' ಅಂದ. ನಗತಿದ್ದ."

ಗೋಡೆಯ ಮೇಲಿನ ಬಿಸಿಲು ಇಳಿದು ಓಣಿಗೆ ಬಿತ್ತು. ಯಾರ ಮನೆಯಲ್ಲೋ ಕುಕ್ಕರು ಕೂಗಿತು. ಹೊಸ್ತಿಲ ಮೇಲೆ ಕೂತು ಮೆಂತ್ಯ ಬಿಡಿಸುತ್ತಿದ್ದ ಗಂಡನ ಕೈ ಅವಳಿಗೆ ಕಂಡಿತು. ಸೊಪ್ಪಿನ ಕಡ್ಡಿಗಳು ನಡುಗುತ್ತಿದ್ದವು. ಭಟ್ಟಿಯ ಕೆಲಸದ ದಣಿವು ಎಂದುಕೊಂಡಿದ್ದಳು ಆಗ. ಅವನು ಅವಳಿಗಾಗಿ ಓಡಿ ಬಂದು ಹಾಗೆ ಹಲ್ಲು ಕಚ್ಚಿ ನಗುತ್ತ ಕೂತಿದ್ದ ಸಂಜೆಗಳಲ್ಲಿ ಅವಳಿಗೆ ಅನ್ನಿಸಿದ್ದಿಷ್ಟೇ: ಈಚೆಗೆ ಪರವಾಗಿಲ್ಲ. ಉಳಿದುದನ್ನು ಅವಳ ಕಿವಿಯ ಹಿಂದಿನದು ಮಲಗಿಸಿತ್ತು.

ಸತ್ಯವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀಲಗಂಗಾಳ ಕಣ್ಣುಗಳು ಒಣಗಿಯೇ ಇದ್ದವು. ಬಿಲ್ಲೆ ಈಗ ಬಿಡುವಿಲ್ಲದೆ ಜುಮ್ಮೆನ್ನುತ್ತಿತ್ತು, ಕಿವಿಯ ಹಿಂದೆ ಕಾವೇರಿತ್ತು.

ನಾಳೆ ಅವಳು ಇದನ್ನೆಲ್ಲ ಚಂದ್ರಮತಿಗೆ ಹೇಳುತ್ತಾಳೆ. ಚಂದ್ರಮತಿ ಒಳ್ಳೆಯ ಹೆಂಗಸು, ತಲೆ ಹಿಡಿದುಕೊಂಡು ಕೂರುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ. ಮೇಲಿನವರು ಏನು ಮಾಡುತ್ತಾರೆಂದು ಹೇಳಲು ಅವಳು ನಾಳೆಯ ತನಕ ಕಾಯಬೇಕಿರಲಿಲ್ಲ. ಬಿಲ್ಲೆ ತೆಗೆಯುವುದಿಲ್ಲ. ಭಟ್ಟಿಯ ಬಳಿ ಒಂದು ಗಂಟೆ ಕಟ್ಟುತ್ತಾರೆ. ಗಂಟೆ ಬಾರಿಸಿದಾಗಲೆಲ್ಲ ಒಬ್ಬ ಮುಕಾದಮ ಬಂದು ಪ್ರತಿಯೊಬ್ಬನಿಗೂ ಅಳೆದು ಒಂದೊಂದು ಲೋಟ ನೀರು ಕುಡಿಸುತ್ತಾನೆ, ಕುಡಿದನೆಂದು ಗುರುತು ಹಾಕಿಕೊಳ್ಳುತ್ತಾನೆ. ಅದಕ್ಕೊಂದು ಒಳ್ಳೆಯ ಹೆಸರಿಡುತ್ತಾರೆ. ಹಿತ್ತಾಳೆಯ ಲೋಟದ ಪಕ್ಕದಲ್ಲೇ ಇನ್ನೊಂದು ಲೋಟಕ್ಕೆ ಜಾಗ ಮಾಡಬೇಕಾಗುತ್ತದೆ.

ಮನೆಗೆ ಹೋಗಬೇಕು ಅನ್ನಿಸದವರಿಗೆ ಯಾವ ಗಂಟೆ ಕಟ್ಟುತ್ತಾರೋ ಅವಳಿಗೆ ತಿಳಿಯಲಿಲ್ಲ.

ಕೈಚೀಲದಿಂದ ಬಿಲ್ಲೆ ತೆಗೆದಳು. ದುಂಡಪ್ಪ ಅದನ್ನು ನೋಡಿದ, ಕೈ ಚಾಚಲಿಲ್ಲ. ಕಾಲು ಪೂರ್ತಿ ಮಾಯದಿದ್ದರೂ ಅವನ ರಜೆ ಮುಗಿದಿತ್ತು, ಬೆಳಗಾದರೆ ಕೆಲಸಕ್ಕೆ ಹೋಗಬೇಕಿತ್ತು, ಇದಿಲ್ಲದೆ ಕಂಬಗಳು ಅವನನ್ನು ಒಳಗೆ ಬಿಡುವುದಿಲ್ಲ. ಮೂವರಿಗೂ ಇದು ಗೊತ್ತಿತ್ತು.

"ನಿಂದು ತಗದ ಒಗಿಯಬಾರ್ದ ಯವ್ವಾ?" ಸತ್ಯವ್ವ ಮೆಲ್ಲಗೆ ಕೇಳಿದಳು.

"ತಗೀತೀನಿ ಕಾಕು. ಮನಿ ಮುಟ್ಟೂತನಕ ಇರಲಿ. ದಾರಿ ಒಬ್ಬಾಕೀನಽ ನಡೀಬೇಕು."

ಅವಳು ಎದ್ದು, ಬಗ್ಗಿ, ದುಂಡಪ್ಪನ ಬಲಗೈಯನ್ನು ತಾನೇ ಹಿಡಿದು ಅಂಗೈಯಲ್ಲಿ ಬಿಲ್ಲೆಯನ್ನಿಟ್ಟಳು. ಎರವಲು ಒಯ್ದವರು ಮರಳಿ ಕೊಡುವಾಗ ಏನು ಹೇಳಬೇಕೋ ಅದನ್ನೇ ಹೇಳಿದಳು, ಭಾಳ ಉಪಕಾರಾತು ಕಾಕಾ ಎಂದು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಕಹಿ ಇರಲಿಲ್ಲ.

ದುಂಡಪ್ಪ ಬಿಲ್ಲೆಯನ್ನು ಕಿವಿಯ ಹಿಂದೆ ಒಯ್ಯಲಿಲ್ಲ. ಮುಷ್ಟಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಮುಂಜಾನೆ ಹಾಕ್ಕೋತೀನಿ," ಅಂದ. "ಇವತ್ತೊಂದ ದಿನಾ ನೀರಡಿಸ್ಲಿ."